ಎಬ್ಬಿಸುವವನ ನಿದ್ದೆ

ಕಲ್ಯಾಣದ ಕೋಟೆಯನ್ನು ಎಷ್ಟೋ ಸೈನ್ಯಗಳು ಮುತ್ತಿ ಹೋದವು. ಆದರೆ ಕೋಟೆಯ ಹಿಂದಿನ ಗಲ್ಲಿಯನ್ನು ವರ್ಷಕ್ಕೆ ಮೂವತ್ತು ದಿನ ತಪ್ಪದೆ ಮುತ್ತಿ, ಒಂದು ತಾಮ್ರದ ತಾಟು, ಒಂದು ಕಟ್ಟಿಗೆಯ ಸೌಟು ಇಷ್ಟರಿಂದಲೇ ಗೆದ್ದ ವೀರ ಒಬ್ಬನೇ: ಕಲಾಯಿ ಸೈಫುದ್ದೀನ್. ರಂಜಾನ್ ತಿಂಗಳಲ್ಲಿ ಬೆಳಗಾಗುವ ಮೊದಲು ಜನ ಎದ್ದು ಸಹರಿ ಊಟ ಮುಗಿಸಬೇಕಲ್ಲ, ಅವರನ್ನು ಎಬ್ಬಿಸುವ ದಂಡನಾಯಕ ಅವನು.

ಈ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಐವತ್ತಾರರಲ್ಲಿ ಅವನು ಅಪ್ಪನ ತಿದಿಯನ್ನು ಕೈಗೆ ತೆಗೆದುಕೊಂಡ, ಅದೇ ವರ್ಷ ಚಾಂದಬಿಯನ್ನು ಮದುವೆಯಾದ. ಹುಮನಾಬಾದ್, ಚಿಟಗುಪ್ಪ, ಮಂಠಾಳ ಎಂದು ಊರೂರು ಅಲೆದು ತಾಮ್ರದ ಹಂಡೆಗಳ ಹೊಟ್ಟೆಗೆ ತವರದ ಬೆಳ್ಳಿ ಬಳಿದ. ಹಗಲಿಡೀ ಕೆಂಡದ ಮುಂದೆ ಕೂತವನಿಗೆ ರಾತ್ರಿಯ ನಿದ್ದೆ ಎಂಥದ್ದು ಗೊತ್ತೇ? ಮೈಮೇಲೆ ಬೆಕ್ಕು ಮರಿ ಹಾಕಿದರೂ ಗೊತ್ತಾಗದಂಥದ್ದು.

ಆ ನಿದ್ದೆಯೇ ಅವನಿಗೆ ಮುಳುವಾಯಿತು. ಎಪ್ಪತ್ತನಾಲ್ಕರ ಒಂದು ದಿನ ಮಂಠಾಳದಲ್ಲಿ ಮದುವೆ ಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಮಾಡಿ ಬಂದು ಮಲಗಿದ. ಚಾಂದಬಿಗೆ ಜ್ವರವಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅವಳ ಮೈ ತಣ್ಣಗಾಗಿತ್ತು. ನೀರಿನ ಗ್ಲಾಸು ಹೊಸ್ತಿಲ ತನಕ ಉರುಳಿ ಬಿದ್ದಿತ್ತು.

ಗೋಡೆಯಾಚೆಯ ಮನೆ ಕಿರಾಣಿ ಅಂಗಡಿಯ ಬಕ್ಕಪ್ಪನದು. ಅವನ ಹೆಂಡತಿ ಸಂಗಮ್ಮ ಅಳುತ್ತ ಬಂದು ಹೇಳಿದಳು: "ಚಾಂದಬಿ ರಾತ್ರಿ ಮೂರು ಸಲ ಕರದದ್ದು ಕೇಳಿತ್ರಿ ಭಾಯಿ. 'ಅಜೀ, ಉಠೋ' ಅಂತ."

ಅಷ್ಟೇ ಸಾಕಾಯಿತು. ಅಂದಿನಿಂದ ಸೈಫುದ್ದೀನ್ ಕಣ್ಣು ಮುಚ್ಚಿದರೆ ರೀ, ಏಳಿ ಎಂಬ ಅದೇ ಕರೆ. 'ಅಜೀ, ಉಠೋ.' ಎದ್ದು ನೋಡಿದರೆ ಯಾರೂ ಇಲ್ಲ. ಮೂಲೆಯಲ್ಲಿ ಗ್ಲಾಸು ಬೋರಲು ಬಿದ್ದಿರುತ್ತದೆ, ಅಷ್ಟೇ. ಅವನು ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯತೊಡಗಿದ.

ಮರುವರ್ಷ ಗಲ್ಲಿಯನ್ನು ಎಬ್ಬಿಸುತ್ತಿದ್ದ ಮುದುಕ ಜಲಾಲುದ್ದೀನನಿಗೆ ಮೊಣಕಾಲು ಹಿಡಿದುಕೊಂಡಿತು. "ಹ್ಯಾಂಗೂ ಎಚ್ಚರಾನೇ ಇರ್ತಿ. ತಗೋ ಬೇಟಾ, ಈ ರಾಜ್ಯ ನಿನಗ" ಎಂದು ಸೌಟನ್ನು ಕೊಟ್ಟ. ಹಾಗೆ ಪಟ್ಟಾಭಿಷೇಕ ನಡೆಯಿತು.

ಸೈಫುದ್ದೀನನ ಆಳ್ವಿಕೆ ಕಠಿಣ. ಒಂದೊಂದು ಬಾಗಿಲಲ್ಲಿ ಮೂರು ಸಲ ಕೂಗಬೇಕು. ಒಳಗೆ ದೀಪ ಹತ್ತುವವರೆಗೆ ಅಲ್ಲಿಂದ ಕದಲುವಂತಿಲ್ಲ. ರೋಜಾದ ಉಪವಾಸ ಇದ್ದವರು, ಇಲ್ಲದವರು ಎಂಬ ಭೇದ ಅವನಿಗಿರಲಿಲ್ಲ. ಮೊದಲ ಬಾಗಿಲೇ ಸಂಗಮ್ಮನದು.

"ಲೇ ಸೈಫ್ಯಾ, ನಮಗ ರೋಜಾ ಇಲ್ಲೋ ಮಾರಾಯ! ಮೂರೂವರಿಗೆ ಎದ್ದು ನಾ ಏನ್ ಮಾಡ್ಲಿ?" ಎಂದು ಬಕ್ಕಪ್ಪ ಒಳಗಿನಿಂದ ಕೂಗುತ್ತಿದ್ದ.

"ರೊಟ್ಟಿ ತಿನ್ರಿ ಸಾವಕಾರ."

ಬಕ್ಕಪ್ಪ ಬೈಯುತ್ತಲೇ ಎದ್ದು ತಿನ್ನುತ್ತಿದ್ದ. ರಂಜಾನ್ ಮುಗಿಯುವಷ್ಟರಲ್ಲಿ ಗಲ್ಲಿಯವರೆಲ್ಲ ಮೈ ಇಳಿದರೆ ಅವನೊಬ್ಬ ದಪ್ಪಗಾಗುತ್ತಿದ್ದ.

ಹೀಗೆ ಹತ್ತು ವರ್ಷ. ಮನೆಮನೆಗೆ ಸ್ಟೀಲಿನ ಪಾತ್ರೆಗಳು ಬಂದು ಕಲಾಯಿಯ ಕೆಲಸ ಕಡಿಮೆಯಾಯಿತು. ಎಂಬತ್ತೈದರ ಆರಂಭದ ಚಳಿಯಲ್ಲಿ ಸೈಫುದ್ದೀನ್ ಆರಿದ ಒಲೆಯ ಮುಂದೆ ಕೂತು ಕಾರಣವಿಲ್ಲದೆ ಅಳುವುದನ್ನು ಬಕ್ಕಪ್ಪ ಕಂಡ. ರಟ್ಟೆ ಹಿಡಿದು ಬಸ್ಸು ಹತ್ತಿಸಿ, ಹುಮನಾಬಾದಿನ ಡಾಕ್ಟರ್ ನಾಗನಾಥರ ಮುಂದೆ ಕೂರಿಸಿದ.

"ನಿದ್ದಿ ಬರಂಗಿಲ್ಲೇನು?" ಎಂದರು ಡಾಕ್ಟರು.

"ಬರತದ್ರಿ ಸಾಹೇಬ್ರ. ನಾನಽ ಒಳಗ ಬಿಡಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕಥೆ ಕೇಳಿದರು. "ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಮನಸಿನ ಬ್ಯಾನಿ. ದಿನಾ ಮೂರು ಗುಳಗಿ, ಹೊತ್ತಿಗೊಂದು. ಗುಣ ಕಾಣಾಕ ಮೂರು ವಾರ ಬೇಕು. ಅದಕ್ಕಿಂತ ಮೊದಲ ಬಾಯಿ ಒಣಗತದ, ತಲಿ ತಿರಗತದ. ಅಂಜಬ್ಯಾಡ."

ಗುಳಿಗೆ ಹೆಸರುಕಾಳಿನಷ್ಟಿತ್ತು, ಪ್ರತಾಪ ಮಾತ್ರ ದೊಡ್ಡದು. ಮೊದಲು ನಾಲಿಗೆಯನ್ನು ವಶಪಡಿಸಿಕೊಂಡಿತು. ಊರಿಗೆಲ್ಲ ರಂಜಾನಿನಲ್ಲಿ ಬಾಯಿ ಒಣಗಿದರೆ ಸೈಫುದ್ದೀನನಿಗೆ ಮೂರು ತಿಂಗಳು ಮೊದಲೇ ಒಣಗಿತು. ಆಮೇಲೆ ಹೊಟ್ಟೆಗೆ ದಿಗ್ಬಂಧನ ಹಾಕಿತು. ಚರಿಗೆ ಹಿಡಿದು ಹೋದವನು ಒಂದು ತಾಸು ಮುತ್ತಿಗೆ ನಡೆಸಿ ಸೋತು ಬರುತ್ತಿದ್ದ. ಕಣ್ಣು ಮಂಜಾಗಿ ಹಂಡೆ ಎರಡಾಗಿ ಕಾಣತೊಡಗಿತು. ನಮಾಜಿನಲ್ಲಿ ಹಣೆ ನೆಲಕ್ಕಿಟ್ಟು ಎದ್ದರೆ ತಲೆ ಗಿರ್ರೆಂದು ಪಕ್ಕದ ಅಜೀಮುದ್ದೀನ್ ಸಾಹೇಬರ ಮೇಲೆ ವಾಲುತ್ತಿದ್ದ. "ನಾ ಏನ್ ಕಂಬ ಅದೀನೇನು?" ಎಂದು ಆ ಎಪ್ಪತ್ತರ ಮುದುಕ ರೇಗುತ್ತಿದ್ದರು.

ಆದರೆ ನಾಲ್ಕನೆಯ ವಾರ ನಿದ್ದೆ ಒಳಗೆ ಕಾಲಿಟ್ಟಿತು. ರಾತ್ರಿಗೆ ಮೂರು ತಾಸು, ಆಮೇಲೆ ನಾಲ್ಕು. ಕರೆ ದೂರವಾಯಿತು, ಕೋಟೆಯ ಆಚೆಯಿಂದ ಯಾರೋ ಕೂಗಿದಷ್ಟು ಸಣ್ಣಗಾಯಿತು. ಸೈಫುದ್ದೀನ್ ಒಲೆ ಹೊತ್ತಿಸಿದ. ಒಮ್ಮೆ ನಕ್ಕದ್ದೂ ಉಂಟು.

ಆ ವರ್ಷ ರಂಜಾನ್ ಮೇ ತಿಂಗಳ ಕೊನೆಗೆ, ಕಾದ ಬಾಣಲೆಯಂಥ ಬಿಸಿಲಿಗೆ ಬಂತು. ರೋಜಾ ಹಿಡಿದವನು ಹಗಲು ಗುಳಿಗೆ ನುಂಗುವುದು ಹೇಗೆ? ಡಾಕ್ಟರನ್ನು ಕೇಳಲು ಹುಮನಾಬಾದಿಗೆ ಹೋಗಬೇಕು. ಸೈಫುದ್ದೀನ್ ತಾನೇ ಯೋಚಿಸಿದ. ಹೊತ್ತು ತಪ್ಪಿದ ನಮಾಜನ್ನು ಆಮೇಲೆ ಖಜಾ ಎಂದು ಕೂಡಿಸಿ ತೀರಿಸುವುದಿಲ್ಲವೇ? ಗುಳಿಗೆಗೂ ಅದೇ ನ್ಯಾಯ. ಸಂಜೆ ಇಫ್ತಾರಿನ ಖರ್ಜೂರದ ಹಿಂದೆ ಮೂರನ್ನೂ ಒಟ್ಟಿಗೆ ನುಂಗಿ, ಕರ್ತವ್ಯ ಮುಗಿಸಿದ ಸಮಾಧಾನದಿಂದ ಅಡ್ಡಾದ.

ಎದ್ದಾಗ ಬಿಸಿಲು ಮೂಗಿನ ಮೇಲಿತ್ತು.

ಗಲ್ಲಿಯ ನಲವತ್ತು ಮನೆ ಅವನ ತಾಟಿಗಾಗಿ ಕಾಯುತ್ತ ಮಲಗಿಯೇ ಬಿಟ್ಟಿದ್ದವು. ಯಾರೂ ಉಂಡಿರಲಿಲ್ಲ, ಯಾರೂ ನೀರು ಕುಡಿದಿರಲಿಲ್ಲ. ಹಾಗೇ ರೋಜಾ ಹಿಡಿದರು. ಮಧ್ಯಾಹ್ನ ಅಜೀಮುದ್ದೀನ್ ಸಾಹೇಬರು ನಳದ ಕಟ್ಟೆಯ ಬಳಿ ಕಣ್ಣು ಕತ್ತಲೆ ಬಂದು ಕುಸಿದರು. ನೆರಳಿಗೆ ಎತ್ತಿ ಒದ್ದೆ ಬಟ್ಟೆ ಹಾಕಿದ ಮೇಲೆ ಕಣ್ಣು ಬಿಟ್ಟು, ಅವರು ಆಡಿದ ಮೊದಲ ಮಾತು: "ಎಬ್ಬಿಸುವವನ್ನ ಎಬ್ಬಿಸಾಕ ಯಾರನ್ನ ಇಡೂಣು?"

ಗಲ್ಲಿಯೆಲ್ಲ ನಕ್ಕಿತು. ಸೈಫುದ್ದೀನ್ ನಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಮುದುಕನ ಒಣಗಿದ ತುಟಿಯನ್ನೇ ನೋಡುತ್ತ ನಿಂತಿದ್ದ. ನೀರಿಲ್ಲದೆ ಮತ್ತೊಂದು ಜೀವ. ತಾನು ಮತ್ತೆ ಮಲಗಿದ್ದ.

ಆ ಸಂಜೆ ಗುಳಿಗೆಗಳನ್ನೆಲ್ಲ ಒಲೆಯ ಬೂದಿಯಲ್ಲಿ ಹೂತುಬಿಟ್ಟ.

ಹೂತ ಗುಳಿಗೆ ಸೇಡು ತೀರಿಸಿಕೊಂಡಿತು. ಎರಡೇ ದಿನದಲ್ಲಿ ಮೈ ಬೆವರಿತು, ಕರಗಿದ ತವರ ಹಂಡೆ ತಪ್ಪಿ ನೆಲಕ್ಕೆ ಚೆಲ್ಲಿತು. ನಿದ್ದೆ ಓಡಿಹೋಯಿತು. ಕರೆ ಮಾತ್ರ ತಿರುಗಿ ಬಂತು, ಈ ಸಲ ಹಗಲಿನಲ್ಲೂ. ಹಂಡೆಯೊಳಗೆ ತಲೆ ಹಾಕಿ ಉಜ್ಜುತ್ತಿದ್ದರೆ ತಳದಿಂದಲೇ ಬರುತ್ತಿತ್ತು: 'ಅಜೀ, ಉಠೋ.'

ಐದನೆಯ ಸಹರಿಗೆ ಅವನು ಸಂಗಮ್ಮನ ಬಾಗಿಲಲ್ಲಿ ತಾಟು ಬಡಿದು ಎರಡು ಸಲ ಕೂಗಿದ. ಮೂರನೆಯ ಕೂಗು ಅವನ ಗಂಟಲಿನಿಂದ ಬರಲಿಲ್ಲ. ಆದರೂ ಅವನಿಗೆ ಕೇಳಿಸಿತು: 'ಅಜೀ, ಉಠೋ.' ಸೌಟು ಕೈಜಾರಿ ಬಿತ್ತು.

ಸಂಗಮ್ಮ ಕಂದೀಲು ಹಿಡಿದು ಬಾಗಿಲು ತೆಗೆದಳು.

"ವೈನಿ, ಈಗ ನೀವು ಕರದ್ರೇನು?"

ಅವಳು ಅವನ ಮುಖ ನೋಡಿದಳು. ಕಂದೀಲನ್ನು ಕಟ್ಟೆಯ ಮೇಲಿಟ್ಟು ತಾನೂ ಕೂತಳು.

"ಭಾಯಿ, ಹನ್ನೊಂದು ವರ್ಷದಾಗ ಒಂದು ಮಾತು ಹೇಳಿಲ್ಲ. ಆ ರಾತ್ರಿ ನನಗ ಪೂರಾ ಎಚ್ಚರಿತ್ತು. ಮೂರೂ ಸಲ ಕೇಳೀನಿ. ಗಂಡ ಅದಾನ, ಎದ್ದಾನು ಅಂತ ಮಗ್ಗಲಾ ಬದಲಿಸೀನಿ. ನೀವು ನಿದ್ದ್ಯಾಗ ಇದ್ರಿ, ಕೇಳಿಲ್ಲ. ನಾ ಕೇಳೀನಿ, ಎದ್ದಿಲ್ಲ. ನೀವು ಬಾಗಲಾ ಬಡಿಯೂಕಿಂತ ಮೊದಲಽ ನಾ ಯಾಕ ದೀಪಾ ಹಚ್ಚತೀನಿ ಅಂತ ಎಂದಾದ್ರೂ ವಿಚಾರ ಮಾಡೀರೇನು?"

ಸೈಫುದ್ದೀನ್ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ. ಒಂದೇ ದನಿ ಗೋಡೆಯ ಎರಡೂ ಕಡೆ ಇಷ್ಟು ವರ್ಷ ಸಂಸಾರ ಮಾಡಿತ್ತು.

ಒಳಗಿನಿಂದ ಬಕ್ಕಪ್ಪ ಗರ್ಜಿಸಿದ: "ಯಾಕ ನಿಂತಿತು ತಾಟು? ನನಗ ಹಸಿವಿ ಆಗೇದ!"

ಬೆಳಗಾದ ಮೇಲೆ ಬಕ್ಕಪ್ಪನೇ ಮತ್ತೆ ಬಸ್ಸು ಹತ್ತಿಸಿದ. ಡಾಕ್ಟರು ಹಣೆ ಹಣೆ ಬಡಿದುಕೊಂಡರು. "ನಮಾಜಿಗೆ ಖಜಾ ಅದ, ಗುಳಗಿಗಿಲ್ಲೋ! ತಾನಽ ಕೂಡಿಸೂದೂ ತಪ್ಪು, ಒಮ್ಮೆಲೇ ಬಿಡೂದೂ ತಪ್ಪು. ಬಿಡೂದಿದ್ರ ನಾ ಹೇಳತೀನಿ, ಇಷ್ಟಿಷ್ಟೇ ಇಳಿಸೂಣು." ಆ ತಿಂಗಳಿಗೆ ಸಂಜೆ ಒಂದು, ಸಹರಿಗೆ ಒಂದು ಎಂದು ಬರೆದುಕೊಟ್ಟರು.

"ಮತ್ತ ನನಗ ಎಚ್ಚರಾಗದಿದ್ರ?" ಎಂದ ಸೈಫುದ್ದೀನ್. ಮನೆಗೆ ಬಂದ ಮೇಲೆ ಉತ್ತರ ಕೊಟ್ಟವಳು ಸಂಗಮ್ಮ: "ನಾ ಎಬ್ಬಸ್ತೀನಿ. ಮಲಕೋರಿ."

ಮರುದಿನ ನಸುಕಿನ ಮೂರು ಗಂಟೆಗೆ ಅವಳು ಲಟ್ಟಣಿಗೆ ತೆಗೆದುಕೊಂಡು ನಡುಗೋಡೆಯನ್ನು ಬಡಿದಳು. "ಭಾಯಿ, ಏಳ್ರಿ." ಸದ್ದಿಲ್ಲ. "ಭಾಯಿ, ಏಳ್ರಿ!" ಗುಳಿಗೆಯ ನಿದ್ದೆ ಭಾರವಾಗಿತ್ತು. ಮೂರನೆಯ ಸಲ ಕರೆಯುವಾಗ ಸಂಗಮ್ಮನ ದನಿ ನಡುಗಿತು.

ಗೋಡೆಯಾಚೆಯಿಂದ ನಿದ್ದೆಗಣ್ಣಿನ ದನಿ ಬಂತು: "ಎದ್ದೀನಿ, ಚಾಂದಬಿ, ಎದ್ದೀನಿ. ತಾಳು, ನೀರು ತಂದೆ."

ಮಡಕೆಯ ಮುಚ್ಚಳ ಸರಿದ ಸದ್ದಾಯಿತು. ಗ್ಲಾಸಿಗೆ ನೀರು ತುಂಬಿದ ಸದ್ದು ಕೇಳಿಸಿತು. ಸಂಗಮ್ಮ ಲಟ್ಟಣಿಗೆ ಎತ್ತಿ ಹಿಡಿದವಳು ಹಾಗೇ ನಿಂತಿದ್ದಳು, ಅವನನ್ನು ತಿದ್ದಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ಬಾಗಿಲಿನಿಂದಲೇ ತಾಟಿನ ಸದ್ದು ಹೊರಟಿತು.