ಹಿರೇ ಮಾಲತೇಶನ ಪೋರ್ಟು

ಯಲವಿಗಿಯ ವಿದ್ಯಾಳ ಕೆಲಸ ಏನೆಂದು ಕೇಳಿದವರಿಗೆಲ್ಲ ಅವಳ ಅವ್ವ ಶಾರವ್ವ "ಕಂಪ್ಯೂಟರ್ ರಿಪೇರಿ" ಎಂದು ಹೇಳಿ ಕೈತೊಳೆದುಕೊಳ್ಳುತ್ತಾಳೆ. ರಿಪೇರಿಯಲ್ಲ, ಬಿಡಿ. ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರುಗಳ ಕಚೇರಿಗಳಿಗೆ ಬಸ್ಸಿನಲ್ಲಿ ಅಲೆದು, ಯಾರ ಹೆಸರೂ ಇಲ್ಲದ ಲ್ಯಾಪ್‌ಟಾಪೊಂದನ್ನು ಅಲ್ಲಿಯ ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಒಂದೊಂದೇ ಪೋರ್ಟಿಗೆ, ಅಂದರೆ ವೈರು ಸಿಕ್ಕಿಸುವ ಕಿಂಡಿಗೆ, ಚುಚ್ಚಿ ನೋಡುವುದು ಅವಳ ಕೆಲಸ. ಪಟ್ಟಿಯಲ್ಲಿ ಹೆಸರಿದ್ದು, ಪಾಸ್‌ವರ್ಡ್ ಸರಿಯಿದ್ದವರಿಗೆ ಮಾತ್ರ ಪೋರ್ಟು ತೆರೆಯಬೇಕು. ಉಳಿದವರನ್ನು ಹೊರಗೇ ನಿಲ್ಲಿಸಬೇಕು. ಹನ್ನೊಂದು ವರ್ಷದಿಂದ ಮಷಿನ್ನುಗಳ ಕೈಲಿ ಬೇಡವೆನಿಸಿಕೊಂಡರೂ ಒಂದು ದಿನ ಬೇಸರಪಟ್ಟವಳಲ್ಲ.

ಹೋದ ಮಾರ್ಚಿನಲ್ಲಿ ಹಿರೇಕೆರೂರಿನ ಒಂದು ಬೀಜದ ಕಂಪನಿಯಲ್ಲಿ ಎಲ್ಲ ಪೋರ್ಟುಗಳೂ ಅವಳನ್ನು ಹೊರಗೆ ಹಾಕಿದವು. ಅವಳಿಗೆ ಖುಷಿಯಾಯಿತು. ಆಮೇಲೆ ಅವತ್ತು ಪೋರ್ಟುಗಳಲ್ಲಿ ಒಳಬಂದವರ ಹೆಸರುಗಳನ್ನು ತಾಳೆ ನೋಡಲು ಅಟೆಂಡರ್ ಕರೀಮಸಾಬನಿಗೆ ಓದಿ ಹೇಳತೊಡಗಿದಳು.

"ಹದಿನೇಳನೇ ಪೋರ್ಟು. ಹಿರೇ ಮಾಲತೇಶ. ಮುಂಜಾನೆ ಹತ್ತೂ ಐದಕ್ಕ ಬಂದಾರ."

ಕರೀಮಸಾಬ ಚಹಾದ ಲೋಟ ಕೆಳಗಿಟ್ಟ. "ಯಾ ಅಲ್ಲಾ! ಅವರು ತೀರ್ಕೊಂಡು ಎಂಟ ತಿಂಗಳಾತಲ್ರಿ, ಅಕ್ಕಾರ!"

ವಿದ್ಯಾ ಹಿಂದಿನ ದಿನಗಳನ್ನೂ ತೆಗೆದು ನೋಡಿದಳು. ಸತ್ತ ಮನುಷ್ಯ ರಜೆಯನ್ನೇ ಹಾಕಿರಲಿಲ್ಲ. ಅವಳು ಗೋಡೆಗುಂಟ ಆ ಪೋರ್ಟಿನ ವೈರು ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದಳು. ಮುಚ್ಚಿದ ಬಾಗಿಲ ಹಿಂದೆ ಕೀಬೋರ್ಡಿನ ಸದ್ದು ಕೇಳುತ್ತಿತ್ತು.

ಒಳಗೆ ಕೂತಿದ್ದವನು ಮೂವತ್ತರ ಆಸುಪಾಸಿನ ಹುಡುಗ. ಮೂಗಿನ ಮೇಲೆ ಮುದುಕರ ದಪ್ಪ ಚಸ್ಮಾ.

"ನಾ ಸಣ್ಣ ಮಾಲತೇಶರಿ," ಎಂದು ಎದ್ದು ನಿಂತ.

ದೇವರಗುಡ್ಡದ ಮಾಲತೇಶ ದೇವರ ಹರಕೆಯಿಂದ ಹುಟ್ಟಿ ಅದೇ ಹೆಸರು ಹೊತ್ತವರು ಈ ಸೀಮೆಯಲ್ಲಿ ಓಣಿಗೆ ನಾಲ್ಕು ಮಂದಿ. ಈ ಕಚೇರಿಯಲ್ಲೂ ಇಬ್ಬರಿದ್ದರು, ವಯಸ್ಸಾದವರು ಹಿರೇ, ಇವನು ಸಣ್ಣ. "ಮಾಲತೇಶ ತೀರ್ಕೊಂಡರು, ಹೆಸರು ತಗೀರಿ" ಎಂದು ಯಾರೋ ಹೆಡ್ಡಾಫೀಸಿಗೆ ಫೋನು ಮಾಡಿದ್ದರು. ಅಲ್ಲಿಯ ಪುಣ್ಯಾತ್ಮರು ಬದುಕಿದ್ದವನ ಹೆಸರು ಅಳಿಸಿ ಕೂತಿದ್ದರು!

"ಅವರಿಗೆ ಮೂರ ಸಲ ಪತ್ರ ಬರದೇನ್ರಿ. ಆ ಹೆಸರಿನವರು ತೀರ್ಕೊಂಡಾರ ಅಂತ ಉತ್ತರ ಬಂತು. ಕೆಲಸ ನಿಲ್ಲಬಾರದಲ್ರಿ? ಅವರ ಪಾಸ್‌ವರ್ಡ್ ಇಲ್ಲೇ ಚೀಟಿಯೊಳಗಿತ್ತು, ಅದರಾಗ ಒಳಗ ಬರಾಕತ್ತೇನ್ರಿ." ಅವನ ದನಿ ಇಳಿಯಿತು. "ಮೊದಲ ಏನೂ ಅನಸ್ಲಿಲ್ರಿ. ಈಗ ಮನ್ಯಾಗ ಅವ್ವ ಹೆಸರು ಹಿಡಿದು ಕರದ್ರ, ಯಾರನ್ನ ಕರಿಯಾಕತ್ತಾಳ ಅಂತ ಹಿಂದ ತಿರಗಿ ನೋಡ್ತೇನಿ. ಅವರು ಬಿಟ್ಟು ಹೋದ ಈ ಚಸ್ಮಾ ಇಲ್ದಿದ್ರ ಅಕ್ಷರ ಕಾಣಂಗಿಲ್ಲ. ಕೈ ಮುಗಿತೇನಿ ಅಕ್ಕಾರ, ನನ್ನ ಹೆಸರು ನನಗ ಕೊಡಸ್ರಿ. ಲಗೂ ಕೊಡಸ್ರಿ."

ವಿದ್ಯಾ ಹೆಡ್ಡಾಫೀಸಿನವರನ್ನು ಫೋನಿನಲ್ಲಿ ಹಿಗ್ಗಾಮುಗ್ಗಾ ಬೈದು, ಫೋನು ಇಡುವ ಮೊದಲೇ ಸತ್ತವರ ಹೆಸರು ತೆಗೆಸಿ, ಇದ್ದವನದನ್ನು ಸೇರಿಸಿದಳು. ಅಷ್ಟಕ್ಕೇ ಮಧ್ಯಾಹ್ನ ಮೂರಾಯಿತು. ಹದಿನೇಳನೇ ಪೋರ್ಟನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ ಕೋಣೆಗೆ ಓಡಿ ಬಂದಳು.

"ಆತು ನೋಡ್ರಿ, ಈಗ ಹೊಡೀರಿ ಹೆಸರು!"

ಅವನು ಹೊಡೆದ. ಪೋರ್ಟು ತೆರೆಯಲಿಲ್ಲ. ಮತ್ತೆ ಹೊಡೆದ, ತೆರೆಯಲಿಲ್ಲ. ವಿದ್ಯಾ ಬಗ್ಗಿ ನೋಡಿದರೆ ಅವನು ಹೊಡೆಯುತ್ತಿದ್ದುದು ಹಿರೇ ಮಾಲತೇಶನ ಹೆಸರನ್ನೇ.

"ಅದಲ್ರಿ. ಸಣ್ಣ ಮಾಲತೇಶ ಅಂತ ಹೊಡೀರಿ."

ಅವನು ಚಸ್ಮಾ ಮೇಲೇರಿಸಿಕೊಂಡು ಅವಳನ್ನು ನಿಧಾನವಾಗಿ ನೋಡಿದ.

"ಆ ಹುಡುಗನ ಹೆಸರು ಯಾಕ ತಂಗಿ? ಅಂವ ತೀರ್ಕೊಂಡು ಎಂಟ ತಿಂಗಳಾತಲ್ಲ, ಪಾಪ."