ಅಣ್ಣನ ಮಾತು ಕಲಿತ ಯಂತ್ರ

ಪಾರ್ಶ್ವವಾಯು ಹೊಡೆದ ಮೇಲೆ ಅಣ್ಣನ ಮಾತು ತೊದಲಾಗಿ, ಅದು ಅವನ ಹೆಂಡತಿ, ನನ್ನ ವೈನಿಯೊಬ್ಬರಿಗೇ ತಿಳಿಯುತ್ತಿತ್ತು. ಬೆಂಗೇರಿಯಲ್ಲಿರುವ ಅವನ ಮೋಟರ್ ರಿಪೇರಿ ಅಂಗಡಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆ ಬಂದಾಗಲೂ ಉತ್ತರ ಹೇಳಿದವರು ವೈನಿಯೇ: "ಬಿಟ್ಟಬಿಡೂಣು ಅನ್ನಾಕತ್ತಾರ." ನನಗೆ ಮನಸ್ಸು ಒಪ್ಪಲಿಲ್ಲ. ಅವನ ಬಾಯಿಂದಲೇ ಕೇಳಬೇಕಿತ್ತು.

ಕೇಳುತ್ತ ಕೇಳುತ್ತ ತಾನೇ ಕಲಿಯುವ ಯಂತ್ರಗಳ ಮೇಲೆ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವವನು ನಾನು. ಊರವರ ಮಾತನ್ನೆಲ್ಲ ಕಂಪ್ಯೂಟರಿಗೆ ಕಲಿಸಲು ಹೊರಟವನಿಗೆ ಒಡಹುಟ್ಟಿದವನ ಮಾತೇ ತಿಳಿಯದಿದ್ದರೆ ಏನು ಬಂತು? ಹಟ ಹಿಡಿದೆ. ದಿನವೂ ಸಂಜೆ ನವನಗರದ ಮನೆಗೆ ಹೋಗಿ ಅವನ ಮಾತು ರೆಕಾರ್ಡ್ ಮಾಡಿಕೊಂಡೆ. ಅವನು ಅಂದದ್ದರ ಅರ್ಥವನ್ನು ವೈನಿ ಹೇಳುವರು. ಅದನ್ನೇ ಸರಿಯುತ್ತರವೆಂದು ಯಂತ್ರಕ್ಕೆ ಕೊಡುವೆ. ಕೆಲವು ವಾರಗಳಲ್ಲಿ ಅಣ್ಣ ಬಾಯಿ ತೆರೆದರೆ ನನ್ನ ಫೋನು ಅವನ ತೊದಲನ್ನು ಸ್ಪಷ್ಟ ಮಾತಾಗಿಸಿ ಹೇಳತೊಡಗಿತು.

"ಚಹಾ ಛಲೋ ಆಗೇತ್ರಿ."

"ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ."

ಮೂಗಿನ ತುದಿಯಲ್ಲೇ ಸಿಟ್ಟಿರುವ ನಮ್ಮಣ್ಣ ಜನ್ಮದಲ್ಲಿ ಹೀಗೆ ಮಾತಾಡಿದವನಲ್ಲ. ಫೋನು ಮಾತಾಡಿದಷ್ಟೂ ಅವನು ಮಂಚ ಗುದ್ದುತ್ತಿದ್ದ.

ಆಮೇಲೆ ಹೊಳೆಯಿತು. ಗಂಡನ ಒರಟು ಮಾತನ್ನು ಬಂದವರಿಗೆ ಮೆತ್ತಗೆ ಮಾಡಿ ಮುಟ್ಟಿಸುವುದು ನಮ್ಮ ಕಡೆಯ ಹೆಂಗಸರ ಹಳೆಯ ರೂಢಿ. ಪಾಪ, ಯಂತ್ರಕ್ಕೇನು ಗೊತ್ತು? ವೈನಿಯ ಮರ್ಯಾದೆಯ ಮಾತನ್ನೆಲ್ಲ ಅಣ್ಣನ ಮಾತೆಂದು ನಂಬಿ ಕಲಿತಿತ್ತು.

"ವೈನಿ, ಇನ್ನ ನೀವು ಸ್ವಲ್ಪ ಅಡಗಿಮನ್ಯಾಗ ಇರ್ರಿ," ಎಂದೆ, ಸಿಟ್ಟಿನಲ್ಲೇ.

ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆವು. ನಾನೇ ಬರೆದ ವಾಕ್ಯಗಳನ್ನು ಓದುವೆ, ಅವನು ತನ್ನ ತೊದಲಿನಲ್ಲಿ ಅವನ್ನೇ ಹೇಳುವನು. ಯಂತ್ರ ಬಲು ನಿಧಾನವಾಗಿ ಅವನಿಗೆ ಹೊಂದಿಕೊಂಡಿತು. ಒಂದು ಸಂಜೆ ಧೈರ್ಯ ಮಾಡಿ ಅಂಗಡಿಯ ಮಾತು ಕೇಳಿದೆ.

ಫೋನು ಹೇಳಿತು: "ಅಂಗಡಿ ಬಿಡಂಗಿಲ್ಲ. ಸುಮ್ಮ ಕುಂತರೂ ಅಲ್ಲೇ ಕುಂದರ್ತೇನಿ."

ವೈನಿ ಬಾಗಿಲಲ್ಲಿ ನಿಂತಿದ್ದರು. "ಮತ್ತ ತಪ್ಪು ಹೇಳಿತೇನ್ರಿ ಇದು?" ಎಂದು ಕೇಳಿದೆ.

"ಇಲ್ಲಪಾ, ಖರೇ ಹೇಳೇತಿ. ದವಾಖಾನಿಯಿಂದ ಬಂದಾಗಿಂದ ಇದನ್ನ ಹೇಳಾಕತ್ತಾರ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಲಕ್ವಾ ಹೊಡದಾಗ ಆ ಅಂಗಡ್ಯಾಗ ಬಿದ್ದಿದ್ರಲ್ಲಪಾ ಅವರು. ಅವರೊಬ್ಬರನ್ನ ಮತ್ತ ಅಲ್ಲಿಗೆ ಕಳಸಾಕ ನನಗ ಅಂಜಿಕಿ."

ನನ್ನ ಸಿಟ್ಟೆಲ್ಲ ಇಳಿದು ನಾಚಿಕೆಯಾಯಿತು. ಅಣ್ಣ ಅವರನ್ನೇ ನೋಡುತ್ತ ಏನೋ ಅಂದ. ಅದು ನನಗೆ ತಿಳಿಯಲಿಲ್ಲ. ಫೋನಿಗೆ ತಿಳಿಯಿತು.

"ನೀನೂ ಬಾ."