ಅಳು ನಿಲ್ಲಿಸಿದ ಎಕ್ಸಲ್

ಚಮನಸಾಬ ದಿನಾ ಬೆಳಿಗ್ಗೆ ಗ್ಯಾರೇಜಿನ ಶಟರ್ ಎತ್ತುವ ಮೊದಲು ರಸ್ತೆಗೆ ಒಂದು ಸುತ್ತು ಹಾಕುತ್ತಾನೆ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಆಡಿನ ಮರಿಯನ್ನು ನಡೆಸಿಕೊಂಡು ಹೋದಂತೆ ಅದನ್ನು ಮಣ್ಣಿನ ಮೇಲೆ ಎಳೆಯುತ್ತ ಚಹಾದಂಗಡಿಯವರೆಗೆ ಹೋಗಿ ಮರಳುತ್ತಾನೆ. ಮೊಳೆ, ಸ್ಕ್ರೂ, ತಂತಿಯ ಚೂರು ಅಂಟಿಕೊಂಡು ಬರುತ್ತವೆ.

‘ಪಂಕ್ಚರ್ ಆದ್ರ ನಿನಗೇ ಗಿರಾಕಿ ಬರ್ತಾರಲ್ಲೋ ಉಸ್ತಾದ’ ಎಂದು ಚಹಾದಂಗಡಿಯ ರೇವಣಪ್ಪ ನಗಾಡುತ್ತಾನೆ.

‘ಹಂಗ ಬರೋ ಗಿರಾಕಿ ನನಗ ಬ್ಯಾಡ.’

ಜ್ವರ ಬಂದಾಗಲೂ, ಈದ್ ದಿನವೂ ಈ ಸುತ್ತು ತಪ್ಪಿಲ್ಲ.

ಅವನ ಗ್ಯಾರೇಜು ಇರುವುದು ಜೇವರ್ಗಿಯ ಅಂಚಿನಲ್ಲಿ, ಅಂದೋಲಾದ ಕಡೆ ಹೋಗುವ ದಾರಿಗೆ. ಅಂದೋಲಾದ ದೌಲತರಾಯನ ಹಳೆಯ ಪಿಕಪ್ಪು ತವರಿಗೆ ಬರುವ ಮಗಳಂತೆ ಆಗಾಗ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಹತ್ತಿ ಬಿಡಿಸುವ ಕಾಲದಲ್ಲಿ ಜೇವರ್ಗಿಯ ಹೆಂಗಸರನ್ನು ಬೆಳಿಗ್ಗೆ ಹೊಲಕ್ಕೆ ಒಯ್ಯುವುದು, ಸಂಜೆ ಹತ್ತಿಯ ಚೀಲಗಳನ್ನೂ ಅವರನ್ನೂ ಹೊತ್ತು ತರುವುದು ಅದರ ಕೆಲಸ. ಚಮನಸಾಬನ ಹೆಂಡತಿ ಪ್ಯಾರಿಬಿಯೂ ಆ ಹೆಂಗಸರಲ್ಲಿ ಒಬ್ಬಳು.

ಹೊರೆ ಹೆಚ್ಚಾದರೆ ಆ ಗಾಡಿಯ ಹಿಂದಿನ ಎಕ್ಸಲ್ ಅಳುತ್ತಿತ್ತು. ಒಳಗಿನ ಹಲ್ಲುಚಕ್ರಗಳು ಸವೆದು, ನೋವು ತಿಂದವರಂತೆ ಉದ್ದಕ್ಕೆ ಎಳೆಯುವ ದನಿ. ಹಳ್ಳದ ಏರಿನಲ್ಲಿ ಆ ಅಳು ಕೇಳಿದ ಕೂಡಲೇ ಹೆಂಗಸರು ತಾವಾಗಿಯೇ ಇಳಿದು, ಸೆರಗು ಸಿಕ್ಕಿಸಿಕೊಂಡು, ದೌಲತರಾಯನನ್ನು ಬೈಯುತ್ತ ನಗುತ್ತ ನಡೆದೇ ಏರು ಹತ್ತಿ, ಮೇಲೆ ಹೋಗಿ ಮತ್ತೆ ಕೂಡುತ್ತಿದ್ದರು. ಯಾರೂ ಕಲಿಸಿದ ಪದ್ಧತಿಯಲ್ಲ ಅದು. ಗಾಡಿಯೇ ಕಲಿಸಿದ್ದು.

ದೀಪಾವಳಿಯ ಸುಮಾರಿಗೆ ಆ ಎಕ್ಸಲ್ ಮುರಿದು, ಗಾಲಿ ಜೋಳದ ಹೊಲಕ್ಕೆ ಓಡಿತು. ಪುಣ್ಯಕ್ಕೆ ಗಾಡಿ ಖಾಲಿ ಇತ್ತು.

‘ಈ ಸಲ ಗಟ್ಟೀದು ಹಾಕು ಉಸ್ತಾದ’ ಎಂದ ದೌಲತರಾಯ.

ಚಮನಸಾಬ ಕಲಬುರಗಿಯ ಗುಜರಿಗಳನ್ನೆಲ್ಲ ಸುತ್ತಿ, ದೊಡ್ಡ ಗಾಡಿಯೊಂದರ ಎಕ್ಸಲ್ ಹುಡುಕಿ ತಂದ. ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಾಟಾ ಕೂಡುವ ಜಾಗ ಹೊಂದಲಿಲ್ಲ. ಕತ್ತರಿಸಿ ಮತ್ತೆ ಬೆಸುಗೆ ಹಾಕಿದ. ಗೇರ್‌ಬಾಕ್ಸಿನಿಂದ ಎಕ್ಸಲಿಗೆ ತಿರುಗುವ ಬಲ ಒಯ್ಯುವ ಉದ್ದನೆಯ ಶಾಫ್ಟೂ ಹಳೆಯದು ನಡೆಯುವಂತಿರಲಿಲ್ಲ. ದಪ್ಪನೆಯದನ್ನು ತಂದು, ಲೇಥಿನಲ್ಲಿ ಅಳತೆಗೆ ಕೊಯ್ಯಿಸಿ, ನಡುಗದಂತೆ ತೂಕ ಕೂಡಿಸಿ ಜೋಡಿಸಿದ. ಅದರ ಮೇಲೆ ಕೂಡುವವಳು ತನ್ನ ಹೆಂಡತಿ ಎಂಬುದನ್ನು ಅವನ ಕೈ ಒಂದು ಬೋಲ್ಟಿನಲ್ಲೂ ಮರೆಯಲಿಲ್ಲ.

‘ಗೌಡ್ರ, ಕಾಲು ಗಟ್ಟಿ ಆಗ್ಯಾವ, ಬೆನ್ನು ಹಳೇದೇ ಅದ. ಚಾಸಿ ಅದೇ, ಬ್ರೇಕೂ ಅದೇ. ಮೊದಲಿನಕಿಂತ ಒಂದು ಚೀಲಾನೂ ಹೆಚ್ಚು ಹಾಕಬ್ಯಾಡ್ರಿ.’

‘ಏ, ನನಗ ಅಷ್ಟೂ ತಿಳಿಯಂಗಿಲ್ಲೇನು?’ ಎಂದು ದೌಲತರಾಯ ಬೆನ್ನು ಚಪ್ಪರಿಸಿ ಹೋದ.

ಎಳ್ಳಮಾಸಿ ಹಬ್ಬ ಹತ್ತಿರ ಬಂದಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಪ್ಯಾರಿಬಿ ಖುಷಿಯಿಂದ ಹೇಳಿದಳು: ‘ನಿಮ್ಮ ಎಕ್ಸಲ್ ಭಾಳ ಚಲೋ ಅದರೀ. ಅಳಂಗೇ ಇಲ್ಲ! ಹಳ್ಳದ ಏರಿಗೆ ನಾವು ಈಗ ಇಳಿಯಂಗಿಲ್ಲ. ಚೀಲ ಮೊದಲಿನ ಎರಡು ಪಟ್ಟು ಹೇರ್ತಾರ, ನಾವು ಅದರ ಮ್ಯಾಲೆ. ಮುಗಿಲಿಗೇ ಕೈ ಹತ್ತತಾವ ನೋಡ್ರಿ.’

ಮುರಿದ ರೊಟ್ಟಿ ಚಮನಸಾಬನ ಕೈಯಲ್ಲೇ ಉಳಿಯಿತು.

‘ಯಾಕ, ಏನಾತು?’

ಅವನು ರೊಟ್ಟಿಯನ್ನು ತಾಟಿಗೆ ಇಟ್ಟು ಎದ್ದ. ದೌಲತರಾಯನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ಕೈಗಳ ಮೇಲೆ. ಆ ಅಳುವೊಂದೇ ಈ ಹೆಂಗಸರನ್ನು ಕಾಯುತ್ತಿತ್ತು. ಅದರ ಬಾಯಿ ಕಟ್ಟಿದವನು ತಾನೇ.

ಮರುದಿನ ಸಂಜೆಯ ಅಸರ್ ನಮಾಜು ಮುಗಿಸಿ ಬಂದವನು ಗ್ಯಾರೇಜಿಗೆ ಹೋಗದೆ ರಸ್ತೆಯ ನಡುವೆ ನಿಂತ. ಹೊತ್ತು ಇಳಿಯುವಾಗ ಪಿಕಪ್ಪು ಬಂತು, ಎರಡೂ ಮಗ್ಗುಲಿಗೆ ಚೀಲಗಳು ಉಬ್ಬಿ, ಮೇಲೆ ಹೆಂಗಸರ ಸಾಲು. ದೌಲತರಾಯನೇ ಓಡಿಸುತ್ತಿದ್ದ. ಹಾರ್ನ್ ಹೊಡೆದ. ಚಮನಸಾಬ ಕದಲಲಿಲ್ಲ.

ಗಾಡಿ ನಿಂತದ್ದೇ ಗಾಲಿಗಳಿಗೆ ಕಲ್ಲು ಕೊಟ್ಟು, ಸ್ಪ್ಯಾನರ್ ಹಿಡಿದು ಕೆಳಗೆ ತೂರಿದ. ಅವನ ಬೆಸುಗೆ ಕಲ್ಲಿನಂತಿತ್ತು. ಅದರ ಪಕ್ಕದಲ್ಲೇ ಚಾಸಿ ಸೀಳಿತ್ತು. ಬೆರಳುದ್ದದ ಬಿರುಕು, ಒಳಗೆ ಹೊಸದಾಗಿ ಸೀಳಿದ ಕಬ್ಬಿಣ ಹೊಳೆಯುತ್ತಿತ್ತು.

‘ಎಲ್ಲಾರೂ ಇಳೀರಿ!’ ಎಂದು ಕೆಳಗಿಂದಲೇ ಕೂಗಿದ.

‘ಕಾಕಾ, ಹೊತ್ತು ಮುಳುಗಾಕತ್ತದ, ಮನ್ಯಾಗ ಕೂಸು ಹಾದಿ ನೋಡ್ತದ’ ಎಂದು ಮೇಲಿನ ಸಾಲಿನಿಂದ ಬಸವೇಶ್ವರಿ ಎಂಬವಳು ರೇಗಿದಳು. ‘ನಾಳಿ ಗಾಡಿ ಇಲ್ಲಂದ್ರ ಕೂಲಿ ನೀ ಕೊಡ್ತೀ ಏನು?’

‘ಇಳದು ಬಗ್ಗಿ ನೋಡವ್ವಾ. ಆಮ್ಯಾಲೆ ಬೈ.’

ಅವಳು ಗೊಣಗುತ್ತ ಇಳಿದು, ಬಗ್ಗಿ ನೋಡಿದಳು. ಎದ್ದಾಗ ಮುಖದ ಬಣ್ಣ ಬದಲಾಗಿತ್ತು. ‘ಇಳೀರೇ, ಎಲ್ಲಾರೂ ಇಳೀರೇ!’ ಎಂದು ಉಳಿದವರ ಕೈ ಹಿಡಿದು ಎಳೆಯತೊಡಗಿದಳು. ಪ್ಯಾರಿಬಿ ಕೊನೆಗೆ ಇಳಿದಳು.

ಅಷ್ಟರಲ್ಲಿ ಚಮನಸಾಬ ಶಾಫ್ಟಿನ ಬೋಲ್ಟುಗಳನ್ನು ಬಿಚ್ಚಿ, ಎಣ್ಣೆ ಸುರಿಯುತ್ತಿದ್ದ ಅದನ್ನು ಹೆಗಲ ಮೇಲೆ ಹೊತ್ತು ಗ್ಯಾರೇಜಿನೊಳಗೆ ನಡೆದಿದ್ದ.

ದೌಲತರಾಯ ಹಿಂದೆಯೇ ಓಡಿದ. ‘ಲೇ, ತಲಿ ಕೆಟ್ಟದೇನು? ಗಾಡಿ ಯಾರದು?’

‘ಗಾಡಿ ನಿಮ್ಮದ್ರಿ. ಕೈಕೆಲಸ ನಂದು. ನನ್ನ ಕೈಕೆಲಸದ ಮ್ಯಾಲೆ ಹೆಣ ಹೇರಾಕ ನಾ ಬಿಡಂಗಿಲ್ಲ. ಚಾಸಿ ಕಟ್ಟಿಸ್ರಿ. ಹೆಂಗಸ್ರನ್ನ ಬ್ಯಾರೆ ಒಯ್ಯಿರಿ, ಹತ್ತಿ ಬ್ಯಾರೆ ಒಯ್ಯಿರಿ. ಅವತ್ತು ಶಾಫ್ಟ್ ಹಾಕ್ತೇನಿ.’

‘ಜೇವರ್ಗ್ಯಾಗ ನೀ ಒಬ್ಬನೇ ಮಿಸ್ತ್ರಿ ಏನು?’

‘ಅಲ್ಲರಿ. ಬ್ಯಾರೆ ಶಾಫ್ಟ್ ಹುಡುಕ್ರಿ. ಅದು ಸಿಕ್ಕ ಮ್ಯಾಲೂ ನಾ ರೋಡಿನ್ಯಾಗೇ ನಿಂದರ್ತೇನಿ, ಯಾರ‍್ನೂ ಹತ್ತಗೊಡಂಗಿಲ್ಲ.’

ಹೊರಗೆ ಹೆಂಗಸರು ಗುಂಪಾಗಿ ನಿಂತಿದ್ದರು. ಬಸವೇಶ್ವರಿ ಕೈಕಟ್ಟಿ ನೆಟ್ಟಗೆ ನೋಡುತ್ತಿದ್ದಳು. ದೌಲತರಾಯ ಅವರನ್ನೊಮ್ಮೆ ನೋಡಿ ದನಿ ತಗ್ಗಿಸಿದ.

‘ಆತು ಬಿಡು ಉಸ್ತಾದ. ನಿನ್ನ ಸಂಕಟ ನನಗ ತಿಳೀತು. ನಾಳಿಂದ ನಿನ್ನ ಮನ್ಯಾಕಿ ಮ್ಯಾಲೆ ಹತ್ತೂದು ಬ್ಯಾಡ. ಕ್ಯಾಬಿನ್ನ್ಯಾಗಿನ ಸೀಟು ಆಕೀದೇ, ಹೋಗೂದಕ್ಕೂ ಬರೂದಕ್ಕೂ. ಶಾಫ್ಟ್ ಹಾಕು.’

ಚಮನಸಾಬ ಬಾಗಿಲಿನತ್ತ ನೋಡಿದ. ಪ್ಯಾರಿಬಿ ಬಸವೇಶ್ವರಿಯ ಬೆನ್ನಿಗೆ ಅಂಟಿದ್ದ ಹತ್ತಿಯನ್ನು ಬಿಡಿಸುತ್ತ ನಿಂತಿದ್ದಳು.

ಅವನು ಶಾಫ್ಟನ್ನು ಗೋಡೆಗೆ ಒರಗಿಸಿ, ಎಣ್ಣೆಯ ಕೈ ಒರೆಸಿಕೊಂಡ.

‘ಬ್ಯಾಡ್ರಿ ಗೌಡ್ರ. ಆಕಿ ಎಲ್ಲಾರ ಜೋಡಿ ನಡಕೋತ ಹೋಗ್ತಾಳ.’